ಕುಲುಮೆಯ ಕತ್ತಿ ಮುರಿಯಲ್ಲ, ನನ್ನ ಚಾಕು ಯಾಕೆ ಮುರಿಯಿತು?

ಪ್ರಶ್ನೆ: ಲಾರಿಯ ಹಳೆಯ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ಅಡುಗೆಮನೆಗೆ ಚಾಕು ಮಾಡುತ್ತಿದ್ದೇನೆ ಸರ್. ಮೊದಲನೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ, ಟಿಣ್ ಅಂತ ಸದ್ದಾಗಿ ಬಾಯಿಯ ಕಡೆ ಸೀಳು ಬಿಟ್ಟಿತು. ಎರಡನೆಯದನ್ನು ಎಣ್ಣೆಗೆ ಅದ್ದಿದೆ, ಸರಿಯಾಗಿಯೇ ಬಂತು. ಮರುದಿನ ಕೈಜಾರಿ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ನಮ್ಮೂರ ಕುಲುಮೆಯಲ್ಲಿ ನೀರಿಗೇ ಅದ್ದುತ್ತಾರೆ, ಆ ಕತ್ತಿಗಳಿಗೆ ಏನೂ ಆಗಲ್ಲ. ನನ್ನ ತಪ್ಪೆಲ್ಲಿ?

ಉತ್ತರ: ಎರಡನೇ ಚಾಕು ಅರ್ಧ ಕೆಲಸಕ್ಕೇ ನಿಂತಿತ್ತು, ಅಷ್ಟೇ. ಎಣ್ಣೆಯಿಂದ ಹೊರಬಂದ ಉಕ್ಕು ಗಾಜಿನ ಹಾಗಿರುತ್ತದೆ. ಅದನ್ನು ಮತ್ತೆ ಹಗುರವಾಗಿ ಕಾಯಿಸಿ ಹದಕ್ಕೆ ತರಬೇಕು. ಇದಕ್ಕೇ ಟೆಂಪರಿಂಗ್ ಅನ್ನುವುದು.

ನಿಮ್ಮೂರ ಕಮ್ಮಾರರೂ ಈ ಕೆಲಸ ಬಿಟ್ಟಿರುವುದಿಲ್ಲ, ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಮುಂದಿನ ಸಲ ಹೋದಾಗ ಹತ್ತಿರ ನಿಂತು ನೋಡಿ. ಸಾಮಾನ್ಯವಾಗಿ ಕತ್ತಿಯ ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ತೆಗೆಯುತ್ತಾರೆ, ಬೆನ್ನು ಇನ್ನೂ ಬಿಸಿಯಾಗಿಯೇ ಇರುತ್ತದೆ, ಆ ಕಾವು ನಿಧಾನವಾಗಿ ಬಾಯಿಗೆ ಹರಿದು ಬರುವಾಗ ಉಜ್ಜಿದ ಜಾಗದಲ್ಲಿ ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಹೀಗೆ ಬಣ್ಣ ಓಡುತ್ತದೆ, ಬೇಕಾದ ಬಣ್ಣ ಬಂದ ಕೂಡಲೇ ಮತ್ತೆ ನೀರು. ಎರಡೂ ಕೆಲಸ ಒಂದೇ ಕಾವಿನಲ್ಲಿ! ಎಷ್ಟು ವರ್ಷದ ಕಣ್ಣು ಅದು. ನೀವು ಇಡೀ ಚಾಕುವನ್ನು ಮುಳುಗಿಸಿದಿರಿ, ಅಲ್ವಾ? ಸ್ಪ್ರಿಂಗ್ ಉಕ್ಕಿನಲ್ಲಿ ಕ್ರೋಮಿಯಂ, ಮ್ಯಾಂಗನೀಸ್‌ನಂಥವು ಇರುವುದರಿಂದ ಅದಕ್ಕೆ ಎಣ್ಣೆಯ ವೇಗವೇ ಸಾಕು. ನೀರಿನ ಹೊಡೆತಕ್ಕೆ ಸೀಳುತ್ತದೆ.

ಮೂರನೆಯದನ್ನು ಹೀಗೆ ಮಾಡಿ. ಬಾಯಿಯನ್ನು ಈಗಲೇ ತೆಳ್ಳಗೆ ಉಜ್ಜಬೇಡಿ, ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಇರಲಿ. ಕೆಂಪು ಬಣ್ಣ ಬಿಸಿಲಲ್ಲಿ ಮೋಸ ಮಾಡುತ್ತದೆ, ನೆರಳಲ್ಲಿ ಕಾಯಿಸಿ. ಒಂದು ಆಯಸ್ಕಾಂತ ಇಟ್ಟುಕೊಳ್ಳಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ನಿಮಗೆ ಬೇಕಾದದ್ದು 830–850ರ ಆಸುಪಾಸು, ಅಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು ಕೆಂಪು. ಜಾಸ್ತಿ ಕಾಯಿಸಿದರೆ ಒಳಗಿನ ಕಣ ದೊಡ್ಡದಾಗುತ್ತದೆ. ಮುರಿದ ತುಂಡನ್ನೇ ನೋಡಿ: ಬೂದು ಬಣ್ಣದಲ್ಲಿ ನುಣ್ಣಗಿದ್ದರೆ ಸರಿ, ಸಕ್ಕರೆಯ ಹಾಗೆ ಮಿನುಗಿದರೆ ಕಾವು ಮೀರಿದೆ.

ಎಣ್ಣೆ ನಾಲ್ಕೈದು ಲೀಟರ್ ಇರಲಿ, 50–60 ಡಿಗ್ರಿಗೆ ಬೆಚ್ಚಗಾಗಿರಲಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿಯುತ್ತದೆ, ಹಾಗಾಗಿ ತಣ್ಣನೆಯ ಎಣ್ಣೆಗಿಂತ ಬೇಗ ಕಾವು ಎಳೆಯುತ್ತದೆ. ಅದ್ದಿ ಮೇಲೆ ಕೆಳಗೆ ಆಡಿಸಿ, ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ಪಾತ್ರೆ ಕಬ್ಬಿಣದ್ದೇ ಆಗಬೇಕು, ಮುಚ್ಚಳ ಕೈಗೆ ಸಿಗುವಂತಿರಲಿ. ಬೆಂಕಿ ಹತ್ತಿದರೆ ಮುಚ್ಚಿಬಿಡಿ, ನೀರು ಮಾತ್ರ ಸುರಿಯಬೇಡಿ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಕಡಲೆಕಾಯಿ ಎಣ್ಣೆ ಸಾಕು.

ಆರಿದ ಮೇಲೆ ಬಾಯಿಗೆ ಅರ ಹಾಕಿ ನೋಡಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಆವತ್ತೇ, ಸಾಧ್ಯವಾದರೆ ಆಗಲೇ, ಕೇಕ್ ಮಾಡುವ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ. ತಣಿಸಿ, ಮತ್ತೆ ಎರಡು ಗಂಟೆ. ಎಣ್ಣೆ ಚೆನ್ನಾಗಿ ಒರೆಸಿ ಇಡಿ, ಇಲ್ಲದಿದ್ದರೆ ಮನೆಯೆಲ್ಲ ಹೊಗೆ.

ಮುರಿದ ಚಾಕುವಿನ ಹಿಡಿ ಕಡೆಯ ತುಂಡನ್ನು ಎಸೆಯಬೇಡಿ. ಆಯಸ್ಕಾಂತ ಬಿಡುವವರೆಗೆ ಕಾಯಿಸಿ ಗಾಳಿಯಲ್ಲೇ ಆರಿಸಿ, ಹೀಗೆ ಮೂರು ಸಲ. ಕಣ ಮತ್ತೆ ನುಣ್ಣಗಾಗುತ್ತದೆ. ಅದರಲ್ಲೇ ಹಣ್ಣು ಹೆಚ್ಚುವ ಪುಟ್ಟ ಚಾಕು ಮಾಡಬಹುದು.