ಕಣಕಾಲಿನ ಸೆನ್ಸರ್ ಹೆಜ್ಜೆ ಎರಡೆರಡು ಎಣಿಸಿದರೆ
ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದಾಗ, ಕಣಕಾಲಿಗೆ ಕಟ್ಟಿದ ಚಲನೆ ಅಳೆಯೋ ಸೆನ್ಸರ್ ಎಂಪಿಯು-6050 ಒಂದು ಹೆಜ್ಜೆಯನ್ನ ಎರಡಾಗಿ ಎಣಿಸುತ್ತೆ ಅಂದಿದ್ದೀರಿ. ಕೋಡ್ ಬಿಡಿ ಸರ್, ಮೊದಲು ಸೆನ್ಸರ್ ಕಟ್ಟಿದ ಪಟ್ಟಿ ನೋಡಿ. ಸಡಿಲವಿದ್ದರೆ ಹಿಮ್ಮಡಿ ನೆಲಕ್ಕೆ ಬಡಿದಾಗ ಸೆನ್ಸರ್ರೇ ಅಲ್ಲಾಡಿ ಅದರ ಅಲೆಯಲ್ಲಿ ಇನ್ನೊಂದು ಶಿಖರ ಮೂಡುತ್ತೆ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರೋ ಮೂಳೆಯ ಚಪ್ಪಟೆ ಭಾಗಕ್ಕೆ ಬಿಗಿಯಾಗಿ ಕಟ್ಟಿ. ಮೀನಖಂಡದ ಮೇಲೆ ಬೇಡ, ಮಾಂಸ ಕುಣಿಯುತ್ತೆ.

ಆಮೇಲೆ ರೇಂಜ್, ಅಂದ್ರೆ ಸೆನ್ಸರ್ ಅಳೆಯಬಲ್ಲ ಮಿತಿ. ಆನ್ ಮಾಡಿದಾಗ ಗೈರೊ (ತಿರುಗೋ ವೇಗ ಅಳೆಯೋದು) ಸೆಕೆಂಡಿಗೆ ±250 ಡಿಗ್ರಿ, ಆಕ್ಸೆಲೆರೊಮೀಟರ್ (ವೇಗೋತ್ಕರ್ಷ ಅಳೆಯೋದು) ±2ಜಿ ಇರುತ್ತೆ; ಜಿ ಅಂದ್ರೆ ಭೂಮಿಯ ಗುರುತ್ವ ವೇಗೋತ್ಕರ್ಷ. ಬಿರುಸಾಗಿ ನಡೆದರೆ ಎರಡೂ ಮಿತಿ ಮುಟ್ಟಿ ಅಲೆಯ ತಲೆ ಕತ್ತರಿಸಿದಂತಾಗುತ್ತೆ. ಗೈರೊ ±1000 ಡಿಗ್ರಿ, ಆಕ್ಸೆಲೆರೊಮೀಟರ್ ±8ಜಿ ಮಾಡಿ, 100 ಹರ್ಟ್ಜ್‌ನಲ್ಲಿ, ಅಂದ್ರೆ ಸೆಕೆಂಡಿಗೆ 100 ಸಲ ಓದಿ.

ಎಣಿಕೆಗೆ ಗೈರೊ ಸಾಕು: ಕಾಲು ಮುಂದಕ್ಕೆ ಬೀಸಿದಾಗ ಅಡ್ಡ ಅಕ್ಷದಲ್ಲಿ (ಎಡದಿಂದ ಬಲಕ್ಕೆ ಹೋಗೋ ಗೆರೆ) ಬರೋ ದೊಡ್ಡ ಶಿಖರ ಹಿಡಿಯಿರಿ. ಅದರ ಹಿಂದೆಯೇ ಬರೋ ತಗ್ಗು ಹಿಮ್ಮಡಿ ಊರಿದ ಕ್ಷಣ. ಅರ್ಧ ಸೆಕೆಂಡಿನೊಳಗೆ ಮತ್ತೆ ಬಂದ ಶಿಖರವನ್ನ ಬಿಟ್ಟುಬಿಡಿ. ಸೆನ್ಸರ್ ಒಂದೇ ಕಾಲಲ್ಲಿರೋದ್ರಿಂದ ಒಟ್ಟು ಹೆಜ್ಜೆಗೆ ಎರಡರಿಂದ ಗುಣಿಸೋದು ಮರೀಬೇಡಿ.