ಆರು, ಅಜು, ಸುಜ಼ು, ಸಂಜು: ಟರ್ಕಿಶ್‌ನಲ್ಲಿ ನೋವು ಹೇಳುವ ಬಗೆ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಬಂದಿವೆ. ಓದುವ ಮುನ್ನ ಒಂದು ಮಾತು. ಟರ್ಕಿಶ್‌ನಲ್ಲಿ ಚುಕ್ಕೆಯಿಲ್ಲದ ‘ಐ’ ಅಕ್ಷರ ಒಂದಿದೆ. ಅದನ್ನು ಇಲ್ಲಿ ‘ಉ’ ಎಂದು ಬರೆದಿದ್ದೇವೆ. ಹೇಳುವಾಗ ಮಾತ್ರ ತುಟಿ ದುಂಡಗಾಗಬಾರದು. ಹಲ್ಲು ಕಿರಿದಂತೆ ಬಾಯಿ ಅಗಲಿಸಿ ‘ಉ’ ಅನ್ನಿ. ಅವರ ‘ಸಿ’ ಅಕ್ಷರ ನಮ್ಮ ‘ಜ’. ಟೋಪಿ ಹಾಕಿದ ‘ಜಿ’ಗೆ ಸ್ವಂತ ದನಿಯಿಲ್ಲ, ಹಿಂದಿನ ಸ್ವರವನ್ನು ಎಳೆಯುತ್ತದೆ ಅಷ್ಟೆ.

ಇಸ್ತಾಂಬುಲ್‌ಗೆ ಓದಲು ಹೊರಟಿದ್ದೇನೆ. ಇಂಗ್ಲಿಷ್-ಟರ್ಕಿಶ್ ನಿಘಂಟಿನಲ್ಲಿ ‘ಪೇನ್’ ಹುಡುಕಿದರೆ ಆರು, ಅಜು, ಸುಜ಼ು, ಸಂಜು ಎಂದು ನಾಲ್ಕು ಪದ ಕೊಟ್ಟಿದ್ದಾರೆ. ಯಾವುದನ್ನು ಯಾವಾಗ ಬಳಸಬೇಕು? (ಬೆಂಗಳೂರು)

ನಿಘಂಟನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ‘ಪೇನ್’ ಮೂಲಕ ಹೋದರೆ ದಾರಿ ಸುತ್ತು. ನೋವು ಎಲ್ಲಿಂದ ಬಂತು, ಹೇಗೆ ಬರುತ್ತಿದೆ ಎಂದು ಕೇಳಿಕೊಂಡರೆ ಪದ ತಾನಾಗಿ ಸಿಗುತ್ತದೆ.

ಒಳಗಿನಿಂದ ಹುಟ್ಟಿ ಹಾಗೇ ಉಳಿದುಕೊಂಡ ನೋವು ಆರು. ತಲೆನೋವು, ಹಲ್ಲುನೋವು, ಸೊಂಟನೋವು, ಜ್ವರದ ಮೈಕೈ ನೋವು, ಎಲ್ಲ ಇದೇ. ಹೊರಗಿನಿಂದ ಏನೋ ತಾಗಿ ಚುರುಕ್ಕೆಂದರೆ ಅಜು. ಬೆರಳು ಬಾಗಿಲಿಗೆ ಸಿಕ್ಕಿತು, ಚಾಕು ತಾಗಿತು, ಸೂಜಿ ಚುಚ್ಚಿದರು, ಗಾಯವನ್ನು ಯಾರೋ ಮುಟ್ಟಿದರು ಅಂದಾಗ ಅಜು. ಆದ್ದರಿಂದ ‘ಬಶುಮ್ ಆರುಯೊರ್’ ಅಂದರೆ ತಲೆನೋವು. ‘ಬಶುಮ್ ಅಜುಯೊರ್’ ಅಂದರೆ ಕೇಳಿದವರು ನಿಮ್ಮ ತಲೆಯ ಮೇಲೆ ಬುಗುಟೆ ಎದ್ದಿದೆಯೇ ಎಂದು ನೋಡುತ್ತಾರೆ. ಡಾಕ್ಟರು ಹೊಟ್ಟೆ ಒತ್ತಿ ‘ಅಜುಯೊರ್ ಮು?’ ಎಂದು ಕೇಳುವುದೂ ಇದೇ ಲೆಕ್ಕದಲ್ಲಿ. ಹೊಟ್ಟೆನೋವು ಒಳಗಿನದೇ, ಆದರೆ ಈಗ ನೋಯಿಸುತ್ತಿರುವುದು ಅವರ ಬೆರಳು. ಇಂಜೆಕ್ಷನ್ ಹಿಡಿದ ನರ್ಸು ಮಗುವಿಗೆ ಹೇಳುವ ಸುಳ್ಳಿನಲ್ಲೂ ಅಜುವೇ ಇದೆ: ‘ಅಜುಮಯಜಾಕ್’, ನೋವಾಗಲ್ಲ.

ಸುಜ಼ು ಸಣ್ಣದು, ಆದರೆ ಬಿಡದು. ಹಳೆಯ ಮುರಿತ ಚಳಿಗಾಲದಲ್ಲಿ ಮೂಳೆಯೊಳಗೆ ಮಿಡುಕುವುದು, ಹಲ್ಲು ಕಿತ್ತಿಸಿದ ಮರುದಿನ ದವಡೆಯಲ್ಲಿ ಉಳಿಯುವುದು ಸುಜ಼ು. ‘ಸುಜ಼್ಮಾಕ್’ ಎಂದರೆ ಜಿನುಗುವುದು ಎಂದು ನೆನಪಿಟ್ಟರೆ ಜಿನುಗುವ ನೋವು ಮರೆಯುವುದಿಲ್ಲ. ಸಂಜು ಅಲೆಯಂತೆ ಬಂದು ಹೋಗುವ ನೋವು: ಹೆರಿಗೆ ಬೇನೆ, ಮುಟ್ಟಿನ ಹೊಟ್ಟೆನೋವು, ಗ್ಯಾಸಿನ ಹಿಂಡುವಿಕೆ, ಮೂತ್ರಪಿಂಡದ ಕಲ್ಲಿನ ಶೂಲೆ. ಚುಚ್ಚು ಎನ್ನುವ ಹಳೆಯ ತುರ್ಕಿ ಧಾತುವಿನಿಂದ ಬಂದದ್ದು. ನಮ್ಮ ‘ಬೇನೆ’, ‘ಶೂಲೆ’ ಎರಡನ್ನೂ ಸಂಜುವಿನ ಪಕ್ಕ ಬರೆದುಕೊಳ್ಳಿ. ಇಂಗ್ಲಿಷಿನ ‘ಕ್ರಾಂಪ್’ಗಿಂತ ಇವೇ ಹತ್ತಿರ.

ಆರು-ಸುಜ಼ು ಜೊತೆಯಾಗಿಯೂ ಬರುತ್ತವೆ. ‘ಆರುಮ್ ಸುಜ಼ುಮ್ ಯೊಕ್’ ಅಂದರೆ ನನಗೆ ಯಾವ ನೋವೂ ಇಲ್ಲ. ನಾವು ‘ನೋವು ಗೀವು’ ಅನ್ನುವ ಕಡೆ ಅವರು ‘ಆರು ಮಾರು’ ಅನ್ನುತ್ತಾರೆ. ನಮ್ಮ ‘ಗಿ’ಕಾರದ ಜಾಗದಲ್ಲಿ ಅವರದು ‘ಮ’ಕಾರ.

ವ್ಯಾಕರಣ ಪುಸ್ತಕ ಓದಿದರೂ ವಾಕ್ಯ ಕಟ್ಟುವಾಗ ಎಡವುತ್ತೇನೆ. ‘ನನಗೆ ತಲೆ ನೋಯ್ತಿದೆ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ಟೀಚರ್ ನಗುತ್ತಾರೆ. ಏನು ತಪ್ಪು? (ಬಾಗಲಕೋಟೆ)

ತಪ್ಪು ‘ನನಗೆ’ಯಲ್ಲಿದೆ. ಟರ್ಕಿಶ್‌ನಲ್ಲಿ ಇಲ್ಲಿ ಚತುರ್ಥಿ ವಿಭಕ್ತಿ (‘ಗೆ’) ಬೇಡ. ‘ನನ್ನ ತಲೆ ನೋಯ್ತಿದೆ’ ಎಂಬ ಇನ್ನೊಂದು ಕನ್ನಡ ವಾಕ್ಯವನ್ನು ತೆಗೆದುಕೊಳ್ಳಿ, ಅದು ಹಾಗೇ ಹೊಂದುತ್ತದೆ. ‘ಬಶ್’ ಅಂದರೆ ತಲೆ, ‘ಉಮ್’ ನನ್ನ, ‘ಆರು’ ನೋಯು, ‘ಯೊರ್’ ಉತ್ತಿದೆ. ಕ್ರಿಯಾಪದ ಕೊನೆಗೆ, ಪ್ರತ್ಯಯ ಹಿಂದಕ್ಕೆ, ಎಲ್ಲ ನಮ್ಮಂತೆಯೇ. ‘ನನ್ನ’ ಎಂಬುದು ಮಾತ್ರ ಹೆಸರಿನ ಬಾಲಕ್ಕೆ ಅಂಟುತ್ತದೆ. ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡವರು ‘ಬೆನ್ ಆರುಯೊರುಮ್’ ಎಂದು ಬೇರೊಂದು ತಪ್ಪು ಮಾಡುತ್ತಾರೆ. ನೋಯುವುದು ನೀವಲ್ಲ, ನಿಮ್ಮ ಅಂಗ.

ಅಂಗದ ಹೆಸರು ಸ್ವರದಲ್ಲಿ ಮುಗಿದರೆ ‘ಮ್’ ಸಾಕು: ಮಿದೆ, ಮಿದೆಮ್ (ಜಠರ). ವ್ಯಂಜನವಾದರೆ ನಡುವೆ ಸ್ವರ ಬರುತ್ತದೆ: ದಿಶ್, ದಿಶಿಮ್ (ಹಲ್ಲು), ದಿಜ಼್, ದಿಜ಼ಿಮ್ (ಮಂಡಿ). ಕೊನೆಯ ‘ಕ’ ಕರಗಿಹೋಗುತ್ತದೆ: ಕುಲಾಕ್, ಕುಲಾಉಮ್ (ಕಿವಿ), ಅಯಾಕ್, ಅಯಾಉಮ್ (ಪಾದ). ಹೆಚ್ಚು ಜನ ತಪ್ಪುವುದು ನಡುವಿನ ಸ್ವರ ಬಿದ್ದುಹೋಗುವ ಹೆಸರುಗಳಲ್ಲಿ. ಹೊಟ್ಟೆ ‘ಕರುನ್’, ನನ್ನ ಹೊಟ್ಟೆ ‘ಕರ್ನುಮ್’. ಕತ್ತು ‘ಬೊಯುನ್’, ನನ್ನ ಕತ್ತು ‘ಬೊಯ್ನುಮ್’. ಭುಜ ‘ಒಮುಜ಼್’, ನನ್ನ ಭುಜ ‘ಒಮ್ಜ಼ುಮ್’. ‘ಕರುನುಮ್’ ಅಂದರೂ ಅರ್ಥವಾಗುತ್ತದೆ, ಆದರೆ ಕಿವಿಗೆ ಒರಟು.

ಇಂಗ್ಲಿಷಿನ ‘ಬ್ಯಾಕ್ ಪೇನ್’ ಇಲ್ಲಿ ಎರಡಾಗಿ ಒಡೆಯುತ್ತದೆ. ಸೊಂಟದ ಮಟ್ಟದ್ದು ‘ಬೆಲ್’, ಅದರ ಮೇಲಿನ ಬೆನ್ನು ‘ಸುರ್ತ್’. ಸೊಂಟ, ಬೆನ್ನು ಬೇರೆ ಮಾಡುವ ನಮಗೆ ಇದು ಸಲೀಸು.

ಹೋಟೆಲಿನ ಮೆನುವಿನಲ್ಲಿ ಕಬಾಬಿನ ಪಕ್ಕ ‘ಅಜುಲು’ ಎಂದಿತ್ತು. ನೋವಿನ ಕಬಾಬೇ? (ಮಂಗಳೂರು)

ಖಾರದ ಕಬಾಬು. ಅಜು ಎಂದರೆ ನೋವು, ಕಹಿ, ಖಾರ ಮೂರೂ. ಖಾರದ ಮೆಣಸಿನಕಾಯಿ ‘ಅಜು ಬಿಬೆರ್’, ಸಕ್ಕರೆಯಿಲ್ಲದ ಕಾಫಿ ‘ಅಜು ಕಹ್ವೆ’, ಸಾವಿನ ಸುದ್ದಿ ‘ಅಜು ಹಬೆರ್’. ಖಾರ ಬೇಡವೆಂದರೆ ‘ಅಜುಸುಜ಼್’ ಎನ್ನಿ. ಮಂಗಳೂರಿನವರಿಗೆ ಅದರ ಅಗತ್ಯ ಬೀಳಲಿಕ್ಕಿಲ್ಲ.

ಒಂದು ಎಚ್ಚರ ಇದೆ. ಇದೇ ಪದದ ಕ್ರಿಯಾಪದ ಚತುರ್ಥಿಯ ಜೊತೆ ಬಂದರೆ ‘ಮರುಕಪಡು’ ಎಂದಾಗುತ್ತದೆ. ‘ಕೊಲುಮ್ ಅಜುಯೊರ್’ ಅಂದರೆ ತೋಳು ನೋಯ್ತಿದೆ. ‘ಒನಾ ಅಜುಯೊರುಮ್’ ಅಂದರೆ ಅವನನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಟರ್ಕಿಶ್ ಮಾತ್ರ ಬಲ್ಲ ಹಿರಿಯ ರೋಗಿಗಳು ಬರುತ್ತಾರೆ. ಥ್ರಾಬ್, ಸ್ಟಿಂಗ್, ಟಿಂಗಲ್, ಸ್ಟಿಫ್, ಸ್ಟಿಚ್ ಮುಂತಾದವುಗಳಿಗೆ ಅವರು ಏನನ್ನುತ್ತಾರೆ? (ಓದುಗರೊಬ್ಬರು, ಜರ್ಮನಿ)

1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ಟರ್ಕಿಯ ನಡುವೆ ಕೆಲಸಗಾರರ ಒಪ್ಪಂದ ಆದ ಮೇಲೆ ಹೋದ ತಲೆಮಾರಿಗೆ ಈಗ ವಯಸ್ಸಾಗಿದೆ. ನಿಮ್ಮ ಪ್ರಶ್ನೆ ಹಾಗಾಗಿ ಬಹಳ ಜನರದ್ದು.

ನೋವಿನ ಬಗೆಯನ್ನು ಪದಗಳಿಂದಲೇ ಅಳೆಯುವ ಪ್ರಶ್ನಾವಳಿಯನ್ನು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದರು. ಅದರಲ್ಲಿ 20 ಗುಂಪುಗಳಲ್ಲಿ 78 ಇಂಗ್ಲಿಷ್ ಪದಗಳಿವೆ. ಅಷ್ಟೂ ಬೇಡ. ವಾರ್ಡಿನಲ್ಲಿ ಹತ್ತು ಹನ್ನೆರಡು ಗೊತ್ತಿದ್ದರೆ ಕೆಲಸ ನಡೆಯುತ್ತದೆ, ಅವೆಲ್ಲ ಕ್ರಿಯಾಪದಗಳು. ಇಂಗ್ಲಿಷ್ ವಿಶೇಷಣ ಇಡುವ ಕಡೆ ಟರ್ಕಿಶ್ ಕ್ರಿಯಾಪದ ಇಡುತ್ತದೆ.

ನಾಡಿ ಬಡಿದಂತೆ ಬಡಿದುಕೊಳ್ಳುವ ನೋವಿಗೆ ‘ಜ಼ೊಂಕ್ಲುಯೊರ್’. ಕೀವು ಕಟ್ಟಿದ ಹಲ್ಲು, ಉಗುರುಸುತ್ತು ಎರಡಕ್ಕೂ ಇದೇ. ಪದದಲ್ಲೇ ಬಡಿತ ಕೇಳುತ್ತದೆ. ಗಾಯಕ್ಕೆ ಸ್ಪಿರಿಟ್ ಹಚ್ಚಿದಾಗ, ಮೂತ್ರ ಮಾಡುವಾಗ ಉರಿದರೆ ‘ಯನುಯೊರ್’. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚಿದರೆ ‘ಬತುಯೊರ್’. ಜೇನುಹುಳ ಕಚ್ಚಿದ್ದು ಮಾತ್ರ ಬೇರೆ, ‘ಅರು ಸೊಕ್ತು’. ಇಂಗ್ಲಿಷಿನ ‘ಸ್ಟಿಂಗ್’ ಈ ಮೂರರಲ್ಲಿ ಹಂಚಿಹೋಗುತ್ತದೆ, ಆದ್ದರಿಂದ ರೋಗಿ ಯಾವುದನ್ನು ಹೇಳಿದರು ಎಂದೇ ಬರೆದುಕೊಳ್ಳಿ.

ಇನ್ನು ಕೆಲವು ಕನ್ನಡಕ್ಕೆ ಎಷ್ಟು ಹತ್ತಿರ ಎಂದರೆ ಕಲಿಯುವ ಕೆಲಸವೇ ಇಲ್ಲ. ಬೆಳಿಗ್ಗೆ ಎದ್ದಾಗ ಕತ್ತು ತಿರುಗದಿದ್ದರೆ ನಾವು ‘ಕತ್ತು ಹಿಡಿದುಕೊಂಡಿದೆ’ ಅನ್ನುತ್ತೇವೆ. ‘ತುತ್ಮಾಕ್’ ಅಂದರೆ ಹಿಡಿಯುವುದು, ಅವರು ‘ಬೊಯ್ನುಮ್ ತುತುಲ್ದು’ ಅನ್ನುತ್ತಾರೆ. ‘ಕರುಂಜಾ’ ಇರುವೆ, ಕಾಲಿನಲ್ಲಿ ಇರುವೆ ಹರಿದಂತಾದರೆ ‘ಕರುಂಜಲನುಯೊರ್’. ಪೂರ್ತಿ ಜೋಮು ಹಿಡಿದರೆ ‘ಉಯುಶ್ತು’. ಸಕ್ಕರೆ ಕಾಯಿಲೆಯವರ ಪಾದದ ವಿಷಯದಲ್ಲಿ ಇವೆರಡರ ವ್ಯತ್ಯಾಸ ಕೇಳಿ ತಿಳಿಯುವುದು ಒಳ್ಳೆಯದು. ತಲೆ ಸಿಡಿಯುತ್ತಿದ್ದರೆ ‘ಬಶುಮ್ ಚಾತ್ಲುಯೊರ್’, ತಲೆ ಬಿರಿಯುತ್ತಿದೆ. ತಲೆ ಸುತ್ತಿದರೆ ‘ಬಶುಮ್ ದ್ಯೊನ್ಯುಯೊರ್’, ಅದೂ ತಲೆಯೇ ತಿರುಗುವುದು. ಹೊಟ್ಟೆ ತೊಳಸಿದರೆ ‘ಮಿದೆಮ್ ಬುಲನುಯೊರ್’. ಇದರ ಮೂಲಾರ್ಥ ನೀರು ಕದಡಿ ರಾಡಿಯಾಗುವುದು.

ಮೀನಖಂಡ ಸೆಡೆತುಕೊಂಡರೆ ‘ಕ್ರಾಂಪ್ ಗಿರ್ದಿ’, ಕ್ರಾಂಪು ಒಳಹೊಕ್ಕಿತು. ಎದೆಯುರಿಗೆ ಇಂಗ್ಲಿಷಿನವರು ಹೃದಯದ ಹೆಸರು ಹೇಳುತ್ತಾರೆ, ನಾವು ಎದೆಯದು, ಟರ್ಕಿಯವರು ಜಠರದ್ದು: ‘ಮಿದೆಮ್ ಯನುಯೊರ್’. ಆಸಿಡ್ ಒಂದೇ. ಓಡುವಾಗ ಪಕ್ಕೆ ಹಿಡಿಯುವ ‘ಸ್ಟಿಚ್’ಗೆ ‘ದಲಾಉಮ್ ಶಿಶ್ತಿ’, ಅಂದರೆ ನನ್ನ ಗುಲ್ಮ (ಸ್ಪ್ಲೀನ್) ಊದಿತು. ಇದನ್ನು ಕೇಳಿ ಸ್ಕ್ಯಾನಿಂಗಿಗೆ ಬರೆಸಬೇಡಿ.

ಸೊನ್ನೆಯಿಂದ ಹತ್ತರ ಅಳತೆ ಕೇಳಲು: ‘ಆರುನುಜ಼ಾ ಸುಫ಼ುರ್ದಾನ್ ಒನಾ ಕದರ್ ಕಾಚ್ ಪುವಾನ್ ವೆರಿರ್ಸಿನಿಜ಼್?’ ಉತ್ತರದಲ್ಲಿ ‘ಹಫ಼ಿಫ಼್’ ಬಂದರೆ ಅಲ್ಪ, ‘ಶಿದ್ದೆತ್ಲಿ’ ಬಂದರೆ ತೀವ್ರ, ‘ದಯನುಲ್ಮಾಜ಼್’ ಬಂದರೆ ತಡೆಯಲಾಗದು. ವಯಸ್ಸಾದವರು ‘ಬುಚಾಕ್ ಗಿಬಿ’, ಚಾಕುವಿನ ಹಾಗೆ, ಎಂದು ಎದೆ ತೋರಿಸಿದರೆ ಅಂಕ ಕೇಳುತ್ತಾ ಕೂರಬಾರದು.

ಟರ್ಕಿಗೆ ಪ್ರವಾಸ ಹೋಗುತ್ತಿದ್ದೇವೆ, ಅಪ್ಪನಿಗೆ ಬಿಪಿ ಇದೆ. ತುರ್ತಿಗೆ ಎರಡು ಮಾತು ಹೇಳಿಕೊಡಿ. (ತುಮಕೂರು)

ತುರ್ತು ಕರೆಯ ಸಂಖ್ಯೆ 112. ಹೃದಯಾಘಾತ ‘ಕಲ್ಪ್ ಕ್ರಿಜ಼ಿ’, ನನ್ನ ಹೃದಯ ‘ಕಲ್ಬಿಮ್’. ಎದೆಗೆ ಬೇರೆ ಪದವಿದೆ, ಆದರೆ ಅದರ ಸ್ವರಗಳು ಗಾಬರಿಯಲ್ಲಿ ನಾಲಿಗೆಗೆ ಬರುವುದು ಕಷ್ಟ. ಎದೆಯ ಮೇಲೆ ಕೈಯಿಟ್ಟು ‘ಕಲ್ಬಿಮ್’ ಎಂದರೆ ಸಾಕು. ಔಷಧಿ ಅಂಗಡಿ ‘ಎಜ್ಜ಼ಾನೆ’. ರಾತ್ರಿ ಮತ್ತು ಭಾನುವಾರ ಸರದಿಯ ಮೇಲೆ ತೆರೆದಿರುವ ಅಂಗಡಿಗೆ ‘ನೋಬೆತ್‌ಚಿ ಎಜ್ಜ಼ಾನೆ’ ಎನ್ನುತ್ತಾರೆ. ನೋವಿನ ಮಾತ್ರೆ ‘ಆರು ಕೆಸಿಜಿ’, ನೋವನ್ನು ಕತ್ತರಿಸುವಂಥದ್ದು. ಇಂಗ್ಲಿಷಿನವರು ನೋವನ್ನು ಕೊಲ್ಲುತ್ತಾರೆ, ಇವರಿಗೆ ಕತ್ತರಿಸಿದರೆ ಸಾಕು. ಬಿಪಿ ಮಾತ್ರೆಯ ಚೀಟಿಯಲ್ಲಿ ಕಂಪನಿಯ ಹೆಸರಿಗಿಂತ ಔಷಧಿಯ ಮೂಲ ಹೆಸರು ಬರೆಸಿಕೊಂಡು ಹೋಗಿ. ಅಲ್ಲಿನ ಬ್ರಾಂಡುಗಳು ಬೇರೆ.

ಟರ್ಕಿಶ್‌ನ ‘ದೆರ್ತ್’ ನಮ್ಮ ‘ದರ್ದು’ ಒಂದೇನಾ? (ಕಲಬುರಗಿ)

ಒಂದೇ ಮನೆಯವು. ಎರಡಕ್ಕೂ ತವರು ಪಾರ್ಸಿಯ ‘ದರ್ದ್’, ಅರ್ಥ ನೋವು. ಹಿಂದಿ-ಉರ್ದುವಿನಲ್ಲಿ ನೋವಿನ ಅರ್ಥದಲ್ಲೇ ಉಳಿಯಿತು. ಕನ್ನಡದಲ್ಲಿ ನೋವು ಹೋಗಿ ಜರೂರು ಉಳಿದಿದೆ: ‘ನನಗೇನು ಅಂಥ ದರ್ದು?’ ಟರ್ಕಿಶ್‌ನಲ್ಲಿ ಅದು ಚಿಂತೆ, ಗೋಳು, ತಾಪತ್ರಯ. ‘ದೆರ್ದಿನ್ ನೆ?’ ಅಂದರೆ ನಿನ್ನ ಗೋಳೇನು? ದನಿ ಏರಿದರೆ ಜಗಳವಾಗುತ್ತದೆ, ಡಾಕ್ಟರು ಹಾಗೆ ಕೇಳುವುದಿಲ್ಲ. ಅವರು ಕೇಳುವುದು ‘ಶಿಕಾಯೆತಿನಿಜ಼್ ನೆ?’, ನಿಮ್ಮ ದೂರೇನು? ಈ ಶಿಕಾಯತ್ತು ನಿಮ್ಮ ಕಡೆಯವರಿಗೆ ಹೊಸದಲ್ಲ. ಅಲ್ಲಿನ ಆಸ್ಪತ್ರೆ ‘ಹಸ್ತಾನೆ’. ‘ಹಸ್ತಾ’ ರೋಗಿ, ಬಾಲದಲ್ಲಿರುವುದು ನಮ್ಮ ದವಾಖಾನೆ, ಕಾರ್ಖಾನೆಗಳ ‘ಖಾನೆ’ಯೇ. ದವಾ ಕೂಡ ಅಲ್ಲಿ ‘ದೆವಾ’ ಆಗಿ ಇದೆ, ಆದರೆ ಮಾತ್ರೆಯ ಅರ್ಥದಲ್ಲಲ್ಲ, ಪರಿಹಾರ ಎನ್ನುವ ಅರ್ಥದಲ್ಲಿ.

ಇಂಗ್ಲಿಷಿನಲ್ಲಿ ನೋವಿಗಿರುವ ‘ಏಕ್’ (ache) ಪದಕ್ಕೆ ‘ಸಿಎಚ್’ ಯಾಕೆ? (ಶಿವಮೊಗ್ಗ)

ತಪ್ಪು ವಂಶಾವಳಿಯಿಂದ. ಹಿಂದೆ ಕ್ರಿಯಾಪದಕ್ಕೆ ‘ಕೆ’ ಹಾಕಿ ‘ಏಕ್’ ಎಂದೂ, ನಾಮಪದಕ್ಕೆ ‘ಸಿಎಚ್’ ಹಾಕಿ ‘ಏಚ್’ ಎಂದೂ ಹೇಳುತ್ತಿದ್ದರು. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಗ್ರೀಕಿನ ‘ಆಖೋಸ್’ಗೆ ಗಂಟುಹಾಕಿದರು. ನಂತರ ಬರೆಯುವುದು ನಾಮಪದದಂತೆ, ಹೇಳುವುದು ಕ್ರಿಯಾಪದದಂತೆ ಎಂದಾಯಿತು. ‘ಪೇನ್’ ಲ್ಯಾಟಿನ್‌ನ ‘ಪೋಯ್ನಾ’ದಿಂದ ಬಂದದ್ದು, ಅದರ ಅರ್ಥ ದಂಡನೆ, ‘ಪೆನಾಲ್ಟಿ’ಯೂ ಅದೇ ಬಳ್ಳಿಯದು.

ಮೈನೋವಲ್ಲದ ನೋವಿಗೆ, ಸಾವಿನ ಮನೆಯಲ್ಲಿ, ಏನು ಹೇಳಬೇಕು? (ಮೈಸೂರು)

ಮನಸ್ಸಿಗೆ ಬಂದಾಗ ಅಜು ದುಃಖವಾಗುತ್ತದೆ, ಸುಜ಼ು ಒಳಗೊಳಗೇ ಕೊರೆಯುವ ಕೊರಗಾಗುತ್ತದೆ. ‘ಇಚಿಮ್ ಸುಜ಼್ಲಾದು’ ಅಂದರೆ ಕರುಳು ಚುರುಕ್ ಅಂತು. ಅಳು ಒತ್ತರಿಸಿ ಬಂದಾಗ ‘ಮೂಗಿನ ಕಂಬ ಸುಜ಼ು ಆಯಿತು’ ಎಂಬ ನುಡಿಗಟ್ಟೂ ಇದೆ. ಮೂಗಿನ ಬುಡ ಜುಮ್ಮೆನ್ನುವುದನ್ನು ಬಲ್ಲವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆರು ಮಾತ್ರ ಮೈಯಲ್ಲೇ ಉಳಿಯುತ್ತದೆ. ಸೂತಕದ ಮನೆಯಲ್ಲಿ ಅದನ್ನು ಬಳಸಬೇಡಿ.

ಕಾಯಿಲೆಯವರಿಗೆ, ಬಿದ್ದು ಏಟು ಮಾಡಿಕೊಂಡವರಿಗೆ ‘ಗೆಚ್ಮಿಶ್ ಒಲ್ಸುನ್’, ಕಳೆದುಹೋದದ್ದಾಗಲಿ, ಎನ್ನುತ್ತಾರೆ. ಹೊಸದಾಗಿ ಕಲಿತವರು ಇದನ್ನೇ ಸಾವಿನ ಮನೆಯಲ್ಲೂ ಹೇಳಿ ಮುಜುಗರಕ್ಕೆ ಸಿಕ್ಕುತ್ತಾರೆ. ಅಲ್ಲಿ ಹೇಳಬೇಕಾದದ್ದು ‘ಬಶುನುಜ಼್ ಸಾ ಒಲ್ಸುನ್’, ನಿಮ್ಮ ತಲೆ ಗಟ್ಟಿಯಿರಲಿ. ಅವರು ‘ದೊಸ್ತ್‌ಲಾರ್ ಸಾ ಒಲ್ಸುನ್’ ಎಂದು ಮರುನುಡಿದರೆ ನೀವು ಮತ್ತೇನೂ ಹೇಳಬೇಕಿಲ್ಲ. ಆ ದೊಸ್ತ್ ನಮ್ಮ ದೋಸ್ತನೇ.