ಅಗ್ಗದ ಗೋಧಿ ಬಿಟ್ಟು ದುಬಾರಿ ಗೋಧಿ ತರಿಸುವುದೇಕೆ?

ಪ್ರಶ್ನೆ: ರಷ್ಯಾದ ಗೋಧಿ ಅಗ್ಗ ಎಂದು ಆಗಾಗ ಓದುತ್ತೇನೆ. ಹಾಗಿದ್ದೂ ಜಪಾನಿನಂಥ ದೇಶ ಹೆಚ್ಚು ದುಡ್ಡು ಕೊಟ್ಟು ಕೆನಡಾ, ಆಸ್ಟ್ರೇಲಿಯಾಗಳಿಂದ ಏಕೆ ಕೊಳ್ಳುತ್ತದೆ? ಗುಣಮಟ್ಟದ ಷರತ್ತು ಬೆಲೆಗಿಂತ ದೊಡ್ಡದೇ?

ಉತ್ತರ: ಷರತ್ತು ಮೊದಲು, ಬೆಲೆ ಆಮೇಲೆ. ಗೋಧಿ ಎಂಬ ಒಂದೇ ಹೆಸರಿನಲ್ಲಿ ಹಲವು ಸರಕುಗಳಿವೆ. ಜಪಾನಿನ ಗಿರಣಿಗಳಿಗೆ ಬ್ರೆಡ್ಡಿಗಾಗಿ ಪ್ರೋಟೀನ್ ಹೆಚ್ಚಿರುವ ಕೆನಡಾದ ಕೆಂಪು ಗೋಧಿ ಬೇಕು, ಉಡೊನ್ ಎಂಬ ದಪ್ಪ ನೂಡಲ್ಸಿಗೆ ಪಶ್ಚಿಮ ಆಸ್ಟ್ರೇಲಿಯಾದ ಬಿಳಿ ಗೋಧಿ ಬೇಕು. ಒಂದರ ಕೆಲಸ ಇನ್ನೊಂದು ಮಾಡದು. ಹಾಗಾಗಿ ಅಗ್ಗದ ಮೂರನೆಯದು ಅಲ್ಲಿ ಪೈಪೋಟಿಗೇ ಬರುವುದಿಲ್ಲ.

ಟನ್ನಿನ ದರವೂ ಪೂರ್ತಿ ಲೆಕ್ಕವಲ್ಲ. ಸಾವಿರ ಟನ್ ಗೋಧಿಯಲ್ಲಿ ತೇವಾಂಶ ಶೇ 14 ಇದ್ದರೆ ಒಣ ಪದಾರ್ಥ 860 ಟನ್. ಶೇ 11 ಇದ್ದರೆ 890 ಟನ್. ಆ 30 ಟನ್ ನೀರಿಗೂ ಧಾನ್ಯದ ಬೆಲೆ, ಹಡಗಿನ ಬಾಡಿಗೆ ಎರಡನ್ನೂ ಕೊಟ್ಟಂತಾಯಿತು. ತೇವ ಹೆಚ್ಚಿದ್ದರೆ ಉಗ್ರಾಣದಲ್ಲಿ ಕೆಡುವ ಭಯ ಬೇರೆ.

ಈಜಿಪ್ಟಿನ ಲೆಕ್ಕಾಚಾರ ಬೇರೆ. ಕೋಟ್ಯಂತರ ಜನರಿಗೆ ಸಬ್ಸಿಡಿ ರೊಟ್ಟಿ ಒದಗಿಸಬೇಕಾದ ಸರ್ಕಾರಕ್ಕೆ ಸಾಗಣೆ ಸೇರಿ ಯಾವುದು ಅಗ್ಗ ಎಂಬುದೇ ಮುಖ್ಯ. ಕಪ್ಪು ಸಮುದ್ರದ ಬಂದರುಗಳು ಹತ್ತಿರ, ಹಾಗಾಗಿ ರಷ್ಯಾದ ಗೋಧಿಗೆ ಅಲ್ಲಿ ಮೇಲುಗೈ. ಆದರೆ ಷರತ್ತು ತಪ್ಪಿದರೆ ಅಗ್ಗದ ದಾರಿಯೂ ಮುಚ್ಚುತ್ತದೆ ಎಂಬುದನ್ನು 2016ರಲ್ಲಿ ಅದೇ ದೇಶ ಕಂಡಿತು. ಎರ್ಗಾಟ್ ಎಂಬ ಶಿಲೀಂಧ್ರ ಶೇ 0.05ರವರೆಗೆ ಇರಬಹುದು ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿದ ಮಿತಿ. ಈಜಿಪ್ಟ್ ಲವಲೇಶವೂ ಇರಬಾರದು ಎಂದು ಪಟ್ಟು ಹಿಡಿಯಿತು. ಹೊಲದಲ್ಲಿ ಬೆಳೆದ ಧಾನ್ಯಕ್ಕೆ ಅಂಥ ಖಾತರಿ ಕೊಡುವವರಾರು? ಬಂದರಿಗೆ ಬಂದ ಹಡಗು ತಿರಸ್ಕೃತವಾದರೆ ನಷ್ಟ ಮಾರುವವನದು. ವ್ಯಾಪಾರಿಗಳು ಟೆಂಡರಿನಿಂದಲೇ ದೂರ ಉಳಿದರು. ಸೆಪ್ಟೆಂಬರಿನಲ್ಲಿ ಸರ್ಕಾರ ಹಳೆಯ ಮಿತಿಗೆ ಮರಳಿತು.

ಎರ್ಗಾಟ್ ವಿಷಕಾರಿ, ಅದಕ್ಕೆ ಮಿತಿ ಇರಲೇಬೇಕು. ಆದರೆ ಪಾಲಿಸಲಾಗದ ಮಿತಿಯಿಂದ ಯಾರ ಆರೋಗ್ಯವೂ ಹೆಚ್ಚು ಭದ್ರವಾಗುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಅಪಾಯದ ಬೆಲೆಯನ್ನೂ ಸೇರಿಸಿಯೇ ಮಾರುವವರು ದರ ಹೇಳುತ್ತಾರೆ. ಅದನ್ನು ತೆರುವುದು ಬಡವರಿಗೆ ರೊಟ್ಟಿ ಒದಗಿಸುವ ಸರ್ಕಾರದ ಖಜಾನೆ.

ಷರತ್ತು ಸಡಿಲಿಸಿದರೂ ವ್ಯಾಪಾರ ದಿಕ್ಕು ಬದಲಿಸುತ್ತದೆ. ಬಹುಕಾಲ ಫ್ರಾನ್ಸಿನ ಗೋಧಿಯನ್ನೇ ಹೆಚ್ಚಾಗಿ ಕೊಳ್ಳುತ್ತಿದ್ದ ಅಲ್ಜೀರಿಯಾ, 2020ರಲ್ಲಿ ಕೀಟ ತಿಂದ ಕಾಳಿನ ಮಿತಿಯನ್ನು ತುಸು ಏರಿಸಿತು. ರಷ್ಯಾದ ಗೋಧಿಗೆ ಅಲ್ಲಿ ಬಾಗಿಲು ತೆರೆದದ್ದು ಹಾಗೆ.